ಹಗ್ಗದ ಮೇಲಿನ ಹೊನ್ನರಸ

ಫೆಬ್ರವರಿ ೩, ೨೦೨೫, ಸೋಮವಾರ

ಸಿದ್ದಾಪುರ ಪೇಟೆಯಲ್ಲಿ, ಅಪ್ಪನ ಝೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿಯ ಮಹಡಿಯ ಮೇಲೆ ವಾಸವಾಗಿರುವ, ಹದಿಮೂರು ವರ್ಷ ಎರಡು ತಿಂಗಳು ಪ್ರಾಯದ, ಸದ್ಯ ಯಾವ ಶಾಲೆಗೂ ಹೋಗದ ನಮಿತಾ ಎಂಬ ನಾನು, ಸ್ವಸ್ಥ ಮನಸ್ಸಿನಿಂದಲೂ ಯಾರ ಒತ್ತಾಯಕ್ಕೂ ಒಳಗಾಗದೆಯೂ ಬರೆದಿಡುವ ದಿನಚರಿ ಏನೆಂದರೆ:

(ಸ್ವಸ್ಥ ಮನಸ್ಸು ಎಂಬುದು ಅಂಗಡಿಗೆ ಝೆರಾಕ್ಸಿಗೆ ಬರುವ ಮೃತ್ಯುಪತ್ರಗಳಿಂದ ಎತ್ತಿದ ಮಾತು. ಇದನ್ನು ಕದ್ದು ಓದುವವರ ದೋಸೆ ಜೀವಮಾನವಿಡೀ ಕಾವಲಿಗೆ ಅಂಟಲಿ.)

ಇಂದು ಮಧ್ಯಾಹ್ನ ಮೂರೂವರೆಗೆ ನಮ್ಮ ಮೂಲ ಊರು ತ್ಯಾಗಲಿಯಿಂದ ಫೋನಿನಲ್ಲಿ ಯುದ್ಧಘೋಷಣೆಯಾಯಿತು. ಘೋಷಿಸಿದವರು ಅಜ್ಜ, ಅಪ್ಪನ ಅಪ್ಪ. ದೊಡ್ಡಪ್ಪನ ಮನೆಯಲ್ಲಿರುವ ನಿವೃತ್ತ ಹೆಡ್‌ಮಾಸ್ತರು. ಮೂವತ್ತಾರು ವರ್ಷ ಮಕ್ಕಳಿಗೆ ಇಸವಿ ಬಾಯಿಪಾಠ ಮಾಡಿಸಿದವರು. ಅವರ ದನಿಗೆ ಫೋನಿನ ಸ್ಪೀಕರ್ ಹಾಕುವ ಅಗತ್ಯವಿಲ್ಲ, ಅಪ್ಪ ಆದರೂ ಹಾಕಿದ್ದ.

"ಯುಗಾದಿಗೆ ಬತ್ತೆ. ಲೆಕ್ಕ, ಇಂಗ್ಲಿಷು ನೀವು ಹೆಂಗಾರೂ ಕಲಿಸಿ. ಇತಿಹಾಸ ಮಾತ್ರ ಆನೇ ಪರೀಕ್ಷೆ ಮಾಡ್ತೆ. ಬರೀ ಕಥೆ ಓದಿ ಹೇಳಿದ್ರೆ ಇತಿಹಾಸ ಬತ್ತನ? ಮಕ್ಕಳಿಗೆ ಎಂತೂ ಬತ್ತಿಲ್ಲೆ ಹೇಳಾದ್ರೆ ಜೂನಿಗೆ ಇಬ್ರೂ ಶಾಲೆಗೆ. ಮತ್ತೆ ಮಾತಿಲ್ಲೆ."

"ಆತು ಅಪ್ಪಯ್ಯ," ಎಂದ ಅಪ್ಪ. (ಕದ್ದು ಓದುವ ಹೊರಗಿನವರಿಗೆ: ನಮ್ಮ ಮನೆಮಾತಿನಲ್ಲಿ 'ಆನು' ಎಂದರೆ ನಾನು, 'ಮಾಣಿ' ಹುಡುಗ, 'ಕೂಸು' ಹುಡುಗಿ; ಹುಡುಗಿಯರು 'ಅವಳು' ಅಲ್ಲ, 'ಅದು'.)

ಆಯಿ, ಅಂದರೆ ಅಮ್ಮ, ಬೀನ್ಸನ್ನು ಕೊಚ್ಚಿದಳು. ರಾತ್ರಿಯ ಪಲ್ಯದಲ್ಲಿ ಬೀನ್ಸ್ ಇತ್ತೆಂಬುದಕ್ಕೆ ಬಣ್ಣವೊಂದೇ ಸಾಕ್ಷಿ.

ನನ್ನ ನಿಲುವನ್ನು ಇಲ್ಲಿ ದಾಖಲಿಸುತ್ತೇನೆ. ನನಗೆ ಶಾಲೆಯಾದರೂ ಆದೀತು, ಮನೆಯಾದರೂ ಆದೀತು. ಶಾಲೆಯಲ್ಲಿ ಕೀಟಲೆ ಮಾಡಲು ನಲವತ್ತು ಮಂದಿ ಸಿಗುತ್ತಾರೆ, ಮನೆಯಲ್ಲಿ ಮೂವರೇ. ವಿಷಯ ಇರುವುದು ಸುಮಂತನದು. ನನ್ನ ತಮ್ಮ, ಎಂಟು ವರ್ಷ. ಎರಡನೇ ಕ್ಲಾಸಿನಲ್ಲಿ ಇಡೀ ವರ್ಷ ಅವನು ಒಂದು ಮಾತೂ ಆಡಲಿಲ್ಲ. ಹಾಜರಿ ಕೂಗಿದಾಗ ಕೂಡ ಇಲ್ಲ. ಮನೆಗೆ ಬಂದು ಚೀಲ ಇಳಿಸಿದ ಮೇಲೆ ಮಲಗುವವರೆಗೂ ಮಾತು ನಿಲ್ಲಿಸುತ್ತಿರಲಿಲ್ಲ. ವರ್ಷದ ಕೊನೆಗೆ ಅವನ ಅಂಕಪಟ್ಟಿಯ ಕೆಳಗೆ ಯಾರೋ "ಮಾತು ಕಡಿಮೆ" ಎಂದು ಬರೆದಿದ್ದರು. ಆಯಿ ಅದನ್ನು ನಾಲ್ಕು ಸಲ ಓದಿ ಮಡಚಿಟ್ಟಳು. ಜೂನಿನಲ್ಲಿ ಅವನನ್ನು ಮನೆಯಲ್ಲೇ ಉಳಿಸಿಕೊಂಡಳು. ನಾನು ಅವನ ಜೊತೆ ಉಚಿತವಾಗಿ ಬಂದವಳು.

ಫೆಬ್ರವರಿ ೫, ಬುಧವಾರ

ಮುಂದಿನ ಪೀಳಿಗೆಯ ಸಂಶೋಧಕರಿಗಾಗಿ ಆಯಿಯ ಇತಿಹಾಸ ಬೋಧನಾ ಕ್ರಮವನ್ನು ಸಮಗ್ರವಾಗಿ ಬರೆಯುತ್ತೇನೆ. ಆಯಿ ಓದುತ್ತಾಳೆ. ನಾವು ಕೇಳುತ್ತೇವೆ. ಆಮೇಲೆ ನಾವು ಹೇಳುತ್ತೇವೆ. ಸಮಗ್ರ ವಿವರಣೆ ಮುಗಿಯಿತು.

ಇಷ್ಟೇ ಎಂದು ಅಜ್ಜ ನಂಬುವುದಿಲ್ಲ, ಆದರೆ ಇಷ್ಟೇ. ತಿಂಡಿಯಾದ ಮೇಲೆ ಲೈಬ್ರರಿಯ ಪುಸ್ತಕದಿಂದ ಒಂದು ಅಧ್ಯಾಯ. ಒಂದೇ ಸಲ ಓದುವುದು. ಮತ್ತೊಮ್ಮೆ ಓದು ಎಂದು ಕಾಲಿಗೆ ಬಿದ್ದರೂ ಇಲ್ಲ. ಬಿಟ್ಟ ಸ್ಥಳ ತುಂಬುವುದಿಲ್ಲ, ಹೊಂದಿಸಿ ಬರೆಯುವುದಿಲ್ಲ. ಪುಸ್ತಕ ಮುಚ್ಚಿದ ಮೇಲೆ ಕೇಳಿದ್ದನ್ನು ನಮ್ಮದೇ ಮಾತಿನಲ್ಲಿ ತಿರುಗಿ ಹೇಳಬೇಕು. ಒಬ್ಬರು ಹೇಳುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಆಯಿಯೂ ಹಾಕುವುದಿಲ್ಲ.

ಹೇಳಿಯಾದ ಮೇಲೆ ಒಂದು ಚೀಟಿಯಲ್ಲಿ ಚಿತ್ರ ಬಿಡಿಸಿ ಹಗ್ಗಕ್ಕೆ ಸಿಗಿಸಬೇಕು. ಅಡುಗೆಮನೆ ಬಾಗಿಲಿನಿಂದ ರಸ್ತೆ ಬದಿಯ ಕಿಟಕಿಯವರೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದೆ. ಒಂದು ಗೇಣಿಗೆ ನೂರು ವರ್ಷ. ಕದಂಬರು ಅಡುಗೆಮನೆಯ ಹತ್ತಿರ ಇದ್ದುದರಿಂದ ಬನವಾಸಿಗೆ ಯಾವಾಗಲೂ ಒಗ್ಗರಣೆಯ ವಾಸನೆ. ಸ್ವಾತಂತ್ರ್ಯ ಕಿಟಕಿಯ ಹತ್ತಿರ, ಅದಕ್ಕೆ ಬಸ್ಸಿನ ಧೂಳು. ಪ್ರತಿ ಚೀಟಿಯ ಹಿಂದೆ ಪುಸ್ತಕದ ಹೆಸರು, ಪುಟ ಬರೆಯಬೇಕು. ಯಾರು ಯಾರಿಗೆ ಬೇಕಾದರೂ "ಎಲ್ಲಿ ಓದಿದ್ದು?" ಎಂದು ಕೇಳಬಹುದು. ಕೇಳಿದರೆ ಉತ್ತರ ಕೊಡಲೇಬೇಕು. ಮನೆಯ ಸಂವಿಧಾನದಲ್ಲಿ ಇರುವುದು ಇದೊಂದೇ ಕಲಂ.

ಫೆಬ್ರವರಿ ೧೧, ಮಂಗಳವಾರ

ಇಂದು ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ಗಿರಾಕಿ ಸುಮಂತನ ಹೆಸರು ಕೇಳಿದರು. ಅವನು ಹೇಳಲಿಲ್ಲ. ಮತ್ತೆ ಕೇಳಿದರು. ಅವನು ತನ್ನ ಕಾಲ್ಬೆರಳು ನೋಡಿಕೊಂಡ. "ಈ ಮಾಣಿಗೆ ಮಾತು ಬತ್ತಿಲ್ಯನ?" ಎಂದು ನಕ್ಕರು. ಅವರ ಝೆರಾಕ್ಸ್ ಕಾಗದಗಳಿಗೆ ನಾನೇ ಪಿನ್ ಹೊಡೆದು ಕೊಟ್ಟೆ. ಕೊನೆಯ ಪುಟ ಮೊದಲು, ಮೊದಲ ಪುಟ ತಲೆಕೆಳಗೆ. ಗ್ರಾಹಕ ಸೇವೆಯಲ್ಲಿ ನಮ್ಮ ಅಂಗಡಿ ಹೆಸರುವಾಸಿ.

ಆಮೇಲೆ ಮಹಡಿಗೆ ಬಂದು ಹಗ್ಗ ನೋಡುತ್ತಾ ನಿಂತೆ. ಇಲ್ಲೇ ಹತ್ತಿರದ ಬಿಳಗಿಯನ್ನು ಹಿಂದೆ ಆಳಿದ ಅರಸರ ಎರಡು ಚೀಟಿಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇದೆ. ಪುಸ್ತಕದಲ್ಲೇ ಅಲ್ಲಿ ಏನೂ ಇಲ್ಲ. ಖಾಲಿ ಜಾಗ ಕಂಡರೆ ನನಗೆ ಕೈ ತುರಿಸುತ್ತದೆ. ಆದಕಾರಣ, ಇಂದು ಹನ್ನೊಂದು ಗಂಟೆ ಹತ್ತು ನಿಮಿಷದ ಶುಭ ಮುಹೂರ್ತದಲ್ಲಿ, ಈ ಕೆಳಗಿನ ಅರಸನು ಜನಿಸಿ, ಆಳಿ, ತೀರಿಕೊಂಡನು:

"ಬಿಳಗಿಯ ಕಿರಿಯ ಹೊನ್ನರಸ. ಇವನು ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಮೂರು ಸಾವಿರ ಸೈನಿಕರು ಬಂದು ಕೋಟೆಯನ್ನು ಮುತ್ತಿದರು. ಶರಣಾಗುತ್ತೀಯಾ ಎಂದು ಅವರ ಸೇನಾಪತಿ ಕೇಳಿದ. ಅರಸ ಸುಮ್ಮನೆ ಕುಳಿತ. ಮಾತು ಬರುವುದಿಲ್ಲವೇ ಎಂದು ಸೈನಿಕರೆಲ್ಲ ನಕ್ಕರು. ಅರಸ ಆಗಲೂ ಸುಮ್ಮನಿದ್ದ. ಮೂರು ದಿನ ಕಳೆಯಿತು. ಇಷ್ಟು ಸುಮ್ಮನಿರುವವನ ತಲೆಯಲ್ಲಿ ಎಷ್ಟು ದೊಡ್ಡ ಉಪಾಯವಿದೆಯೋ ಎಂದು ಸೇನಾಪತಿಗೆ ಹೆದರಿಕೆ ಹುಟ್ಟಿತು. ನಾಲ್ಕನೇ ದಿನ ಸೈನ್ಯ ವಾಪಸು ಹೋಯಿತು. ಹೋಗುವವರಿಗೆಲ್ಲ ಅರಸ ತಿನ್ನಲು ಸಿಹಿ ತೊಡದೇವು ಕೊಟ್ಟು ಕಳಿಸಿದ."

ಮೊದಲಿಗೆ ಇವನಿಗೆ ದೊಡ್ಡ ಬಾಯಿ, ದೊಡ್ಡ ಮೀಸೆ ಕೊಡುವುದೆಂದಿದ್ದೆ. ಪೆನ್ನು ಬೇರೆ ಕಡೆಗೆ ಹೋಯಿತು. ಇದನ್ನೇ ಚೀಟಿಗೆ ನಕಲು ಮಾಡಿ, ಮೀಸೆಯನ್ನು ಚಿತ್ರದಲ್ಲಿ ಸೇರಿಸಿ, ಖಾಲಿ ಜಾಗಕ್ಕೆ ಸಿಗಿಸಿದೆ. ಚೀಟಿಯ ಹಿಂದೆ "ಕೈಬರಹದ ಪುಸ್ತಕ, ಪುಟ ನಾಲ್ಕು" ಎಂದು ಬರೆದೆ. ಇದು ಕೈಬರಹದ ಪುಸ್ತಕ. ಇದು ನಾಲ್ಕನೇ ಪುಟ. ನಾನು ಸುಳ್ಳು ಹೇಳುವವಳಲ್ಲ.

ಫೆಬ್ರವರಿ ೧೩, ಗುರುವಾರ

ಯಾರ ಕಣ್ಣಿಗೆ ಬೀಳುತ್ತದೆ ಎಂದು ಎರಡು ದಿನ ಕಾದೆ. ಸುಮಂತನ ಕಣ್ಣಿಗೆ ಬಿತ್ತು. ಕುರ್ಚಿ ಹತ್ತಿ ನಿಂತು ಓದಿದ. ಇಳಿದ. ಮತ್ತೆ ಹತ್ತಿ ಓದಿದ.

"ಅಕ್ಕಾ, ಈ ಅರಸ ಸಣ್ಣಕಿದ್ದಾಗ ಶಾಲೆಗೆ ಹೋಗ್ತಿದ್ನ?"

"ಹೋಗ್ತಿದ್ದ."

"ಅಲ್ಲೂ ಮಾತಾಡ್ತಿದ್ನಿಲ್ಯ?"

"ಇಲ್ಲೆ."

"ಮಾಸ್ತರು ಬೈತಿದ್ವ?"

"ಬೈತಿದ್ವಡ. ಆದ್ರೆ ಅಂವ ಹೇಳಲೆ ಎಂತಾರೂ ಇದ್ದಾಗ ಮಾತ್ರ ಹೇಳ್ತಿದ್ದ. ಇಲ್ದಿದ್ರೆ ಎಂತಕ್ಕೆ ಹೇಳವು?"

ಅವನು ತುಂಬಾ ಹೊತ್ತು ಯೋಚಿಸಿ, "ಹೌದು," ಎಂದ.

ಅಷ್ಟರಲ್ಲಿ ಆಯಿ ಬಂದಳು. "ಇದು ಎಲ್ಲಿ ಓದಿದ್ದು, ಕೂಸೆ?"

"ಒಂದು ಕೈಬರಹದ ಪುಸ್ತಕ, ಆಯಿ."

"ಕೆಳಗೆ ಬೈಂಡಿಂಗಿಗೆ ಬಂದಿತ್ತ?"

"ಬೈಂಡಾದ ಪುಸ್ತಕವೇಯ."

ಊರಿನವರು ತಮ್ಮ ಅಜ್ಜಂದಿರ ಕಾಲದ ಕೈಬರಹದ ಪುಸ್ತಕಗಳನ್ನೆಲ್ಲ ಅಪ್ಪನ ಹತ್ತಿರ ಹೊಲಿಸಲು ತರುತ್ತಾರೆ. "ವಾಪಸ್ ಕೊಡಕ್ಕಿಂತ ಮುಂಚೆ ನಂಗೊಂದು ಸಲ ತೋರ್ಸಲಾಗಿತ್ತು," ಎಂದು ಆಯಿ ಒಳಗೆ ಹೋದಳು. ಚೀಟಿಯನ್ನು ತಿರುಗಿಸಿ ಸಹ ನೋಡಲಿಲ್ಲ. ಇಷ್ಟು ಸುಲಭವಾದ ಜಯ ನನಗೆ ಇಷ್ಟವಿಲ್ಲ. ಎದುರಾಳಿ ಸ್ವಲ್ಪವಾದರೂ ಹೋರಾಡಬೇಕು.

ಮಾರ್ಚ್ ೧, ಶನಿವಾರ

ಪಕ್ಕದ ಅಂಗಡಿಯಲ್ಲಿ ಹೊಲಿಗೆ ಮಾಡುವ ನೀಲಗಂಗವ್ವ ಹಾವೇರಿ ಕಡೆಯವರು. ಹಗ್ಗಕ್ಕೆ ಕ್ಲಿಪ್ಪು ಕೊಟ್ಟವರು ಅವರೇ. ಇಂದು ಆಯಿಯ ರವಿಕೆ ಕೊಡಲು ಮಹಡಿಗೆ ಬಂದು, ಹಗ್ಗ ನೋಡಿ, "ಇವ ಯಾರ್ ಬೇ, ಮೀಸಿ ರಾಜಾ?" ಎಂದು ಗಾಳಿಯನ್ನು ಕೇಳಿದಂತೆ ಕೇಳಿದರು. ಸುಮಂತ ಉತ್ತರಿಸುವುದಿಲ್ಲವೆಂದು ಅವರಿಗೂ ಗೊತ್ತಿದೆ.

ಸುಮಂತ ಉತ್ತರಿಸಿದ.

"ಇವ ಹೊನ್ನರಸ," ಎಂದ. ಅಲ್ಲಿಂದ ಹಿಡಿದು ತೊಡದೇವಿನವರೆಗೆ ಹೇಳಿದ. ನಾನು ಬರೆಯದೇ ಇದ್ದದ್ದನ್ನೂ ಹೇಳಿದ: ಅರಸ ಸುಮ್ಮನಿದ್ದ ಮೂರು ದಿನವೂ ಕೋಟೆಯ ಮೇಲೆ ಒಂದು ಕಾಗೆ ಕೂತಿತ್ತು, ಅದೂ ಕೂಗಲಿಲ್ಲ.

"ಯವ್ವಾ! ಏನ್ ಚಂದ ಹೇಳ್ತಾನ್ರೀ ಅಕ್ಕಾವ್ರ ನಿಮ್ಮ ಹುಡುಗ! ಇಂವಗ ಮಾತ್ ಬರಂಗಿಲ್ಲ ಅಂದಾವ್ರ ಯಾರ್ರೀ? ಅವ್ರಿಗೆ ಕಿವಿ ಇಲ್ಲ ತಗೋರಿ!" ಎಂದು ನೀಲಗಂಗವ್ವ ಅವನ ಗಲ್ಲ ಹಿಂಡಿದರು.

ಆಯಿ ಅಡುಗೆಮನೆ ಬಾಗಿಲ ಹಿಂದೆ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಈರುಳ್ಳಿ ಇರಬೇಕು. ನನ್ನ ಕಣ್ಣಿಗೂ ಹೊಡೆಯಿತು. ಈರುಳ್ಳಿ ಎಲ್ಲಿತ್ತೆಂದು ಆಮೇಲೆ ಹುಡುಕಿದೆ, ಸಿಗಲಿಲ್ಲ.

ಮಾರ್ಚ್ ೯, ಭಾನುವಾರ

ಅಪ್ಪ ಅಂಗಡಿ ಮುಚ್ಚಿ ನಮ್ಮೆಲ್ಲರನ್ನೂ ಬಿಳಗಿಗೆ ಕರೆದುಕೊಂಡು ಹೋದ. ಬಸ್ಸಿನಲ್ಲಿ ಸುಮಂತನಿಗೆ ಕಿಟಕಿ ಬಿಟ್ಟುಕೊಟ್ಟೆ. ಇದು ದಾಖಲಾರ್ಹ.

ಬಸದಿಯಲ್ಲಿ ಶಾಸನದ ಕಲ್ಲು ನೋಡಿದೆವು. ಆಯಿ ಪುಸ್ತಕ ತೆರೆದು ಅಲ್ಲೇ ನಿಂತು ಒಂದು ಅಧ್ಯಾಯ ಓದಿದಳು. ಎದುರಿಗೆ ಕಲ್ಲು ಇದ್ದಾಗ ಪುಸ್ತಕ ಬೇರೆಯದೇ ಥರ ಕೇಳಿಸುತ್ತದೆ. ಈ ಊರು ಒಂದು ಕಾಲಕ್ಕೆ ರಾಜಧಾನಿ, ಈಗ ಗದ್ದೆಯ ಬದುವಿನ ಮೇಲೆ ಎಮ್ಮೆ. ನಡುವೆ ಏನೇನು ಆಯಿತೆಂದು ನಾನು ಕೇಳುವ ಮೊದಲೇ ಆಯಿ ಪುಸ್ತಕ ಮುಚ್ಚಿಬಿಟ್ಟಳು. ಇನ್ನೊಂದು ಅಧ್ಯಾಯ ಓದು ಎಂದೆ. ಎಲ್ಲರೂ ನನ್ನನ್ನು ನೋಡಿದರು. ಬಿಸಿಲಿಗೆ ಹಾಗಾಗುತ್ತದೆ.

ಸುಮಂತ ಮಾತ್ರ ಪುಸ್ತಕ ಕೇಳಲಿಲ್ಲ. ಕಲ್ಲಿನ ಸಾಲುಗಳ ಮೇಲೆ ಬೆರಳು ಇಟ್ಟುಕೊಂಡು ಹೋಗುತ್ತಿದ್ದ. ಹಳೆಯ ಲಿಪಿ, ಅವನಿಗೆ ಒಂದು ಅಕ್ಷರವೂ ತಿಳಿಯುವುದಿಲ್ಲ.

"ಎಂತ ಹುಡುಕ್ತಿದ್ದೆ?"

"ಹೊನ್ನರಸನ ಹೆಸ್ರು. ಇಲ್ಲೆಲ್ಲಾರೂ ಇರ್ತು ಅಲ್ದ ಅಕ್ಕಾ?"

ನಾನು ಎಮ್ಮೆ ಎಣಿಸಲು ಹೊರಗೆ ಹೋದೆ. ಒಂದೇ ಇತ್ತು, ಮೂರು ಸಲ ಎಣಿಸಿದೆ.

ಮಾರ್ಚ್ ೧೯, ಬುಧವಾರ

ಹೊನ್ನರಸನನ್ನು ಗುಟ್ಟಾಗಿ ಪದಚ್ಯುತಗೊಳಿಸುವ ಮೂರು ಪ್ರಯತ್ನಗಳು ವಿಫಲವಾದವು. ಚೀಟಿಯನ್ನು ಬೀರುವಿನ ಹಿಂದೆ ಬೀಳಿಸಿದೆ, ಸುಮಂತ ಹುಡುಕಿ ತಂದ. ಕಿಟಕಿಯಿಂದ ಹಾರಿಸಿದೆ, ನೀಲಗಂಗವ್ವ ಹೆಕ್ಕಿ, ಇಸ್ತ್ರಿ ಮಾಡಿ ತಂದುಕೊಟ್ಟರು. ಅರಸ ಸತ್ತುಹೋದ ಎಂದು ಸುಮಂತನಿಗೆ ಹೇಳಿದೆ. "ಗೊತ್ತಿದ್ದು. ನಾನೂರು ವರ್ಷ ಆತಲೆ," ಎಂದ.

ಮಾರ್ಚ್ ೩೦, ಭಾನುವಾರ, ಯುಗಾದಿ

ಬೇವು, ಬೆಲ್ಲ, ಅಜ್ಜ. ಮೂರೂ ಒಟ್ಟಿಗೆ ಬಂದವು. ನನ್ನ ಪಾಲಿನ ಬೇವನ್ನು ಅಜ್ಜನ ಪಾಯಸದೊಳಗೆ ಸೇರಿಸುವ ಅವಕಾಶವಿತ್ತು. ಬಳಸಿಕೊಳ್ಳಲಿಲ್ಲ. ನನಗೆ ಹುಷಾರಿಲ್ಲವೇನೋ.

ಮಾರ್ಚ್ ೩೧, ಸೋಮವಾರ

ಪರೀಕ್ಷೆ. ಅಜ್ಜ ಕುರ್ಚಿಯಲ್ಲಿ, ನಾವು ನಿಂತು. ಅಪ್ಪ ಅಂಗಡಿಗೆ ಹೋಗದೆ ಮೂಲೆಯಲ್ಲಿ. ಆಯಿ ಲೋಟ ಒರೆಸುತ್ತಾ ಬಾಗಿಲಲ್ಲಿ. ಅಜ್ಜನ ಕೈಯಲ್ಲಿ ಹಾಳೆ, ಕಿವಿಯ ಮೇಲೆ ಕೆಂಪು ಪೆನ್ಸಿಲ್.

ವಿಜಯನಗರ ಸ್ಥಾಪನೆ ಯಾವಾಗ? ತಾಳಿಕೋಟೆ ಯಾವಾಗ? ನಾನು ಹಗ್ಗದ ಕಡೆ ಓರೆಗಣ್ಣಿನಿಂದ ಗೇಣು ಲೆಕ್ಕ ಹಾಕಿ ಎರಡೂ ಹೇಳಿದೆ. ಅಜ್ಜ "ಹ್ಞೂಂ" ಎಂದರು. ಅವರ "ಹ್ಞೂಂ"ಗೆ ನೂರಕ್ಕೆ ತೊಂಬತ್ತು.

"ಈಗ ನೀನು, ಮಾಣಿ. ಕದಂಬರ ರಾಜಧಾನಿ?"

ಬನವಾಸಿಗೆ ನಾವು ಎರಡು ಸಲ ಹೋಗಿದ್ದೇವೆ. ಅಲ್ಲಿಯ ಕಲ್ಲಾನೆಯ ಬಗ್ಗೆ ಸುಮಂತ ಒಂದು ಗಂಟೆ ಮಾತಾಡಬಲ್ಲ. ಅವನು ಕಾಲ್ಬೆರಳು ನೋಡಿದ. ಹಾಳೆಯ ಮೇಲೆ ಕೆಂಪು ತಪ್ಪು ಬಿತ್ತು. ಇನ್ನೊಂದು ಪ್ರಶ್ನೆ. ಇನ್ನೊಂದು ತಪ್ಪು. ಮತ್ತೊಂದು. ಆಯಿ ಬಾಯಿ ಹಾಕಲಿಲ್ಲ. ಲೋಟ ಮಾತ್ರ ಕೀಚಲು ದನಿ ಮಾಡುತ್ತಿತ್ತು.

ಅಜ್ಜ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಗಿಸಿ ಹಾಳೆ ಮಡಚಿದರು. ಅವರು ಕೆಟ್ಟವರಲ್ಲ. "ಆತು. ನಿಂಗೆ ಎಂತ ಬತ್ತೋ ಅದನ್ನೇ ಹೇಳು ನೋಡನ," ಎಂದರು.

ಬನವಾಸಿ, ಬನವಾಸಿ ಎಂದು ನಾನು ಮನಸ್ಸಿನಲ್ಲೇ ಜಪಿಸಿದೆ. ಸುಮಂತ ಹಗ್ಗದ ಹತ್ತಿರ ನಡೆದ. ಕದಂಬರನ್ನು ದಾಟಿದ. ವಿಜಯನಗರವನ್ನು ದಾಟಿದ. ಮೀಸೆಯ ಮೇಲೆ ಬೆರಳಿಟ್ಟ.

ಹತ್ತು ನಿಮಿಷ ಹೇಳಿದ. ಕಾಗೆ ಇತ್ತು, ಕೋಟೆ ಇತ್ತು, ಸೇನಾಪತಿಯ ಬೆವರು ಇತ್ತು. ಅಜ್ಜನ ಪೆನ್ಸಿಲ್ ಕಿವಿಯ ಮೇಲಿಂದ ಬಿದ್ದದ್ದು ಅವರಿಗೇ ಗೊತ್ತಾಗಲಿಲ್ಲ. ಈ ಮೊಮ್ಮಗ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ಅವರು ಕೇಳಿದ್ದು ಇದೇ ಮೊದಲು.

ಕೊನೆಗೆ ಸುಮಂತ ಕೇಳಿದ: "ಅಜ್ಜಾ, ನಿಂಗೆ ಹೊನ್ನರಸ ಗೊತ್ತಿದ್ದ?"

ಅಜ್ಜ ಕೆಮ್ಮಿದರು. ಕನ್ನಡಕ ಸರಿ ಮಾಡಿಕೊಂಡರು. "ಗೊತ್ತಿಲ್ದೆ ಎಂತ? ಹೊನ್ನರಸ. ಬಿಳಗಿಯ ಕಿರಿ ಶಾಖೆ. ಅವಂಗೊಂದು ಬಿಳಿ ಕುದುರೆ ಇತ್ತು."

ಬಿದ್ದ ಪೆನ್ಸಿಲ್ ಹೆಕ್ಕಲು ನಾನು ಕುರ್ಚಿಯ ಅಡಿಗೆ ಹೋದೆ.

"ಶ್ರೀವಾಣಿ," ಎಂದು ಅಜ್ಜ ಆಯಿಯನ್ನು ಕರೆದರು. "ಜೂನಿನ ಮಾತು ಇನ್ನು ಬೇಡ."

ಅಪ್ಪ ಐಸ್‌ಕ್ರೀಮ್ ತಂದ. ಗೆದ್ದೆವು. ನನ್ನದು ಕರಗಿ ಬಟ್ಟಲಲ್ಲೇ ಉಳಿಯಿತು.

ಏಪ್ರಿಲ್ ೧, ಮಂಗಳವಾರ

ಬೆಳಿಗ್ಗೆ ಏಳುವಷ್ಟರಲ್ಲಿ ಸುಮಂತ ಬಿಳಿ ಕುದುರೆಯ ಚಿತ್ರ ಮುಗಿಸಿದ್ದ. ಚೀಟಿಯ ಹಿಂಬದಿ ತೋರಿಸಿ ಕೇಳಿದ: "ಅಕ್ಕಾ, ಇಲ್ಲಿ ಎಂತ ಬರೆಯವು? ಅಜ್ಜಂಗೆ ಗೊತ್ತಿದ್ದು ಹೇಳಿ ಬರದ್ರೆ ಸಾಕ?"

ನನ್ನ ಒಂದು ಸುಳ್ಳಿಗೆ ಕುದುರೆ ಹುಟ್ಟಿತ್ತು. ನಾಳೆ ಕುದುರೆಗೆ ಲಾಯ, ಲಾಯಕ್ಕೆ ಕಾವಲುಗಾರ. ಹೀಗೆ ಬಿಟ್ಟರೆ ದೀಪಾವಳಿಯ ಹೊತ್ತಿಗೆ ಹಗ್ಗದಲ್ಲಿ ನಿಜ ಅರಸರಿಗೆ ಜಾಗ ಇರುವುದಿಲ್ಲ.

ತಿಂಡಿಗೆ ಎಲ್ಲರೂ ಕೂತಾಗ ಎದ್ದು ನಿಂತೆ. "ಹೊನ್ನರಸ ಹೇಳುವವ ಯಾರೂ ಇದ್ದಿದ್ನಿಲ್ಲೆ. ಆನೇ ಮಾಡಿದ್ದು," ಎಂದೆ.

ಮೊದಲು ಅಪ್ಪ ನಕ್ಕ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಪ್ರಿಲ್ ಒಂದು! ಅಜ್ಜನ್ನ ಫೂಲ್ ಮಾಡಲೆ ಬಂಜು ನೋಡು ಕೂಸು! ಅದಕ್ಕೆ ನಿಂಗೆ ಇನ್ನೂ ಹತ್ತು ವರ್ಷ ಬೇಕು!"

ಹದಿಮೂರು ವರ್ಷ ಶ್ರದ್ಧೆಯಿಂದ ಕೀಟಲೆ ಮಾಡಿದ್ದಕ್ಕೆ ಸಿಕ್ಕ ಸನ್ಮಾನ ಇದು. ಸತ್ಯ ಹೇಳಲು ವರ್ಷದಲ್ಲಿ ಮುನ್ನೂರ ಅರವತ್ತನಾಲ್ಕು ದಿನ ಬಿಟ್ಟು ನಾನು ಇದನ್ನೇ ಆರಿಸಿಕೊಂಡೆ.

ಸುಮಂತ ನಗಲಿಲ್ಲ. ನನ್ನನ್ನೇ ನೋಡುತ್ತಾ, "ಎಲ್ಲಿ ಓದಿದ್ದು?" ಎಂದ.

ಕೇಳಿದರೆ ಉತ್ತರ ಕೊಡಲೇಬೇಕು. ಒಳಗೆ ಹೋಗಿ ಈ ದಿನಚರಿ ತಂದೆ. ನಾಲ್ಕನೇ ಪುಟ ತೆಗೆದು ಗಟ್ಟಿಯಾಗಿ ಓದಿದೆ. ಗಿರಾಕಿ, ತಲೆಕೆಳಗಾದ ಕಾಗದ, ಖಾಲಿ ಜಾಗ, ಮೂರು ಸಾವಿರ ಸೈನಿಕರು, ಮೀಸೆ, ಎಲ್ಲವನ್ನೂ. ನಡುವೆ ನನ್ನ ದನಿ ಝೆರಾಕ್ಸ್ ಮಷಿನಿನಲ್ಲಿ ಕಾಗದ ಸಿಕ್ಕಿಕೊಂಡ ಹಾಗೆ ಎರಡು ಸಲ ನಿಂತಿತು. ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಈಗ ಯಾರೂ ನಗುತ್ತಿರಲಿಲ್ಲ. ಅಜ್ಜ ತಟ್ಟೆಯಲ್ಲಿದ್ದ ದೋಸೆಯನ್ನು ಹಳೆಯ ಶಾಸನದ ಹಾಗೆ ನೋಡುತ್ತಿದ್ದರು.

ಓದಿದ ಮೇಲೆ ಯಾರಾದರೂ ಹೇಳಬೇಕು. ಅದು ಕ್ರಮ. ಆಯಿ ಕೇಳಿದಳು: "ಯಾರು ಹೇಳ್ತ್ರಿ?"

ಸುಮಂತ ಎದ್ದ. ಅವನು ಅಳುತ್ತಾನೆ ಎಂದುಕೊಂಡಿದ್ದೆ. ಅವನು ಹೇಳಿದ:

"ಒಂದು ಅಕ್ಕ ಇತ್ತು. ಅದರ ತಮ್ಮ ಅಂಗಡಿಲಿ ಮಾತಾಡಿದ್ನಿಲ್ಲೆ. ಒಬ್ರು ಬಂದು ಮಾತು ಬತ್ತಿಲ್ಯನ ಹೇಳಿ ನಗ್ಯಾಡಿದ. ಅಕ್ಕಂಗೆ ಸಿಟ್ಟು ಬಂತು. ಅವರ ಕಾಗದ ತಲೆಕೆಳಗೆ ಮಾಡಿ ಕೊಟ್ಟತ್ತು. ಆದ್ರೂ ಸಿಟ್ಟು ಹೋಜಿಲ್ಲೆ. ಅದಕ್ಕೆ ಒಂದು ಅರಸನ್ನ ಮಾಡ್ಚು. ಅಂವ ಮಾತಾಡ್ತ್ನಿಲ್ಲೆ, ಎಲ್ರೂ ನಗ್ಯಾಡ್ತ, ಆದ್ರೂ ಅಂವನೇ ಗೆಲ್ತ." ತನ್ನ ಎದೆಗೆ ಬೆರಳು ತೋರಿಸಿ, "ಆ ಅರಸ ಆನೇಯ," ಎಂದ.

ಪುಟದಲ್ಲಿ ಹಾಗೆ ಬರೆದಿಲ್ಲ. ಬರೆದವಳು ನಾನು, ನನಗೆ ಗೊತ್ತಿರುವುದಿಲ್ಲವೇ? "ಹಂಗೆ ಎಲ್ಲಿ ಬರದ್ದು?" ಎಂದೆ.

"ಬರದ್ದಿಲ್ಲೆ. ಕೇಳಿರೆ ಗೊತ್ತಾಗ್ತು."

ಆಯಿ ಸೆರಗು ಹುಡುಕಿದಳು. ಇಂದು ತಿಂಡಿಗೆ ಈರುಳ್ಳಿ ಇರಲಿಲ್ಲ, ಖಚಿತ.

ಸುಮಂತನ ಕೆಲಸ ಮುಗಿದಿರಲಿಲ್ಲ. ಅಜ್ಜನ ಕಡೆ ತಿರುಗಿದ. ಕೈಯಲ್ಲಿ ಕುದುರೆ ಇತ್ತು. "ಅಜ್ಜಾ, ಬಿಳಿ ಕುದುರೆ ಎಲ್ಲಿ ಓದಿದ್ದು?"

ಅಪ್ಪ "ಏ, ಸುಮಂತ" ಎಂದ. ಅಜ್ಜ ಕೈ ಎತ್ತಿ ಅವನನ್ನು ತಡೆದರು. ಕನ್ನಡಕ ತೆಗೆದರು. ಕನ್ನಡಕವಿಲ್ಲದ ಅಜ್ಜ ಹೆಡ್‌ಮಾಸ್ತರರ ಹಾಗೆ ಕಾಣುವುದಿಲ್ಲ.

"ಎಲ್ಲೂ ಓದಿದ್ನಿಲ್ಲೆ ಮಾಣಿ. ಗೊತ್ತಿಲ್ಲೆ ಹೇಳಲೆ ನಾಚಿಕೆ ಆತು. ಅದಕ್ಕೆ ಕುದುರೆ ಏರಿದ್ದು." ಆಮೇಲೆ ತಮಗೇ ಹೇಳಿಕೊಂಡಂತೆ, "ಮೂವತ್ತಾರು ವರ್ಷದಲ್ಲಿ ಒಂದು ಮಾಣಿಯೂ ನನ್ನ ಹತ್ರ ಇದನ್ನ ಕೇಳಿದ್ದಿಲ್ಲೆ. ಕೇಳಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ನೋ ಎಂತೋ," ಎಂದರು.

"ಹಂಗಾರೆ ಜೂನು, ಅಪ್ಪಯ್ಯ?" ಅಪ್ಪ ಮೆಲ್ಲಗೆ ಕೇಳಿದ.

"ನಿನ್ನೆ ಪರೀಕ್ಷೆ ರದ್ದು. ಇವತ್ತಿಂದು ನಡತ್ತು. ಮಾಣಿ ಪಾಸು." ಆಮೇಲೆ ನನ್ನ ಕಡೆ ನೋಡಿದರು. "ಈ ಕೂಸಿನ ಫಲಿತಾಂಶ ತಡೆಹಿಡಿದಿದ್ದು. ಅರಸನ್ನ ಇಳ್ಸು. ಆ ಖಾಲಿ ಜಾಗದಲ್ಲಿ ನಿಜವಾಗಿ ಎಂತ ಆತು ಹೇಳಿ ಓದಿ ಹುಡುಕು. ಆನೂ ಹುಡುಕ್ತೆ. ಯಾರಿಗೆ ಮೊದ್ಲು ಸಿಗ್ತು ನೋಡನ."

ಆಯಿ ಬೈಯಲಿಲ್ಲ. ತಟ್ಟೆ ತೆಗೆಯುವಾಗ ಇಷ್ಟೇ ಹೇಳಿದಳು: "ನಿನ್ನ ಚೀಟಿನ ಆನು ಒಂದು ಸಲವೂ ತಿರುಗ್ಸಿ ನೋಡಿದ್ನಿಲ್ಲೆ ಕೂಸೆ. ನಿಂದು ಹೇಳಿ ನಂಬಿಕೆ."

ಇದನ್ನು ತಮಾಷೆ ಮಾಡಿ ಬರೆಯಲು ಅರ್ಧ ಗಂಟೆ ಪ್ರಯತ್ನಿಸಿದೆ. ಆಗಲಿಲ್ಲ.

ಏಪ್ರಿಲ್ ೫, ಶನಿವಾರ

ಕಿರಿಯ ಹೊನ್ನರಸನನ್ನು ಸಕಲ ರಾಜಮರ್ಯಾದೆಯೊಂದಿಗೆ ಹಗ್ಗದಿಂದ ಇಳಿಸಲಾಯಿತು. ಸುಮಂತ ತಟ್ಟೆ ಬಡಿದ. ಅರಸ ಈಗ ಅವನ ಹಾಸಿಗೆಯ ಪಕ್ಕದ ಗೋಡೆಯಲ್ಲಿ, ಬಿಳಿ ಕುದುರೆಯ ಸಮೇತ ವಾಸವಾಗಿದ್ದಾನೆ. ಅಲ್ಲಿ ಯಾರೂ ಎಲ್ಲಿ ಓದಿದ್ದು ಎಂದು ಕೇಳುವಂತಿಲ್ಲ.

ನೀಲಗಂಗವ್ವನಿಗೆ ನಿಜ ಹೇಳುವ ಕೆಲಸ ಬಾಕಿ ಇತ್ತು. ಅವರು ಆಗಲೇ ಅರ್ಧ ಪೇಟೆಗೆ ಹೊನ್ನರಸನ ಕಥೆ ಹೇಳಿಯಾಗಿತ್ತು. ನಾನು ಹೋಗಲು ಚಪ್ಪಲಿ ಹಾಕುವಷ್ಟರಲ್ಲಿ ಸುಮಂತ "ಆನು ಹೇಳಿಕ್ಕೆ ಬತ್ತೆ" ಎಂದು ಒಬ್ಬನೇ ಮೆಟ್ಟಿಲಿಳಿದು ಹೋದ. ಕಿಟಕಿಯಿಂದ ಬಗ್ಗಿ ಕೇಳಿದೆ. ಹೊಲಿಗೆ ಮಷಿನ್ನು ನಿಂತಿತು. ತುಂಬಾ ಹೊತ್ತು ಅವನದೇ ದನಿ. ಆಮೇಲೆ ಅವರದು: "ಹೋಗ್ಲಿ ಬಿಡಪಾ. ಇಲ್ಲದ ರಾಜಾ ಅಂದ್ರ ಯಾರ್ಗೂ ತ್ರಾಸ್ ಕೊಟ್ಟಿಲ್ಲ ಅಂದಂಗಾತು."

ಇಂದು ಊರಿಗೆ ಹೋಗಬೇಕಿದ್ದ ಅಜ್ಜ ಹೋಗಿಲ್ಲ. ಬೆಳಿಗ್ಗೆಯ ಓದಿಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಾರೆ. ತಿರುಗಿ ಹೇಳುವ ಸರದಿ ಬಂದಾಗ ಇಸವಿ ಬಿಟ್ಟು ಬೇರೇನೂ ನೆನಪಿರುವುದಿಲ್ಲ. ಸುಮಂತ ಅವರಿಗೆ ಹೇಳಿಕೊಡುತ್ತಾನೆ, "ಗಡಬಡೆ ಇಲ್ಲೆ ಅಜ್ಜಾ, ಕಣ್ಣು ಮುಚ್ಗಂಡು ನೆನಪು ಮಾಡ್ಕ."

ಖಾಲಿಯಾದ ನಾಲ್ಕು ಬೆರಳ ಜಾಗಕ್ಕೆ ಅಜ್ಜನೇ ಒಂದು ಚೀಟಿ ಸಿಗಿಸಿದ್ದಾರೆ. ಗುಂಡಗಿನ ಹೆಡ್‌ಮಾಸ್ತರ ಅಕ್ಷರ: "ಇಲ್ಲಿ ಏನಾಯಿತೆಂದು ನಮಗೆ ಇನ್ನೂ ಗೊತ್ತಿಲ್ಲ." ಕೆಳಗೆ ಸಹಿ, ತಾರೀಖು. ನಾನು ತಿರುಗಿಸಿ ನೋಡಿದೆ. ಹಿಂದೆಯೂ ಬರೆದಿದ್ದರು: "ಎಲ್ಲಿ ಓದಿದ್ದು: ಎಲ್ಲೂ ಇಲ್ಲ."

ಲೈಬ್ರರಿಯಿಂದ ಮೂರು ಪುಸ್ತಕ ತಂದಿದ್ದೇನೆ. ಒಂದರಲ್ಲಿ ಬಿಳಗಿಯ ಬಗ್ಗೆ ಹನ್ನೊಂದು ಪುಟ ಇದೆ. ಅಜ್ಜನಿಗೆ ಹೇಳಿಲ್ಲ. ಕೀಟಲೆಗೆ ಮೊದಲಿನಷ್ಟು ಸಮಯ ಸಿಗುತ್ತಿಲ್ಲ, ಇದು ಕಳವಳಕಾರಿ.

ಹಾಗೆಂದು ಕರ್ತವ್ಯ ಮರೆತವಳಲ್ಲ. ಅಜ್ಜ ಈಗ ಮನೆಯಿಡೀ ಕನ್ನಡಕ ಹುಡುಕುತ್ತಿದ್ದಾರೆ. ಅದು ಹಗ್ಗದ ಮೇಲೆ, ಕಿಟಕಿಯ ಹತ್ತಿರ, ಅವರು ಹುಟ್ಟಿದ ಇಸವಿಯ ಜಾಗದಲ್ಲಿ ಕ್ಲಿಪ್ಪಿನಿಂದ ನೇತಾಡುತ್ತಿದೆ. ಸಿಗಿಸುವಾಗ ಸುಮಂತ ನೋಡಿದ್ದಾನೆ. ಅಜ್ಜ ಅವನನ್ನು ಎರಡು ಸಲ ಕೇಳಿದರು. ಅವನು ತನ್ನ ಕಾಲ್ಬೆರಳು ನೋಡುತ್ತಾ ನಿಂತಿದ್ದಾನೆ, ನಗು ತಡೆಯಲಾರದೆ ಭುಜ ಕುಣಿಯುತ್ತಿದೆ.

ಅವನು ಹಾಗೆಯೇ. ಹೇಳಲು ಏನಾದರೂ ಇದ್ದಾಗ ಮಾತ್ರ ಹೇಳುತ್ತಾನೆ.